ರಾಜಭಕ್ತರು ಎಂಬ ನನ್ನ ಪದ

ನನ್ನ ತಮ್ಮ ನಾವಿಬ್ಬರೂ ಬಂದು ಸೇರಿದ ಈ ಪರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಚರಿತ್ರೆ ಪಾಠ ಮಾಡುತ್ತಾನೆ. ನಾನು ಇಲ್ಲೇ ಉಬಿ ಬಡಾವಣೆಯ ವರ್ಕ್‌ಶಾಪಿನಲ್ಲಿ ಕಾರುಗಳ ಡೆಂಟ್ ತೆಗೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ಅವನು ಇಂಗ್ಲಿಷ್ ಶಾಲೆಗೆ ಹೋದವನು. ಕನ್ನಡ ಓದುವಾಗ ಈಗಲೂ ತುಟಿ ಅಲ್ಲಾಡಿಸುತ್ತಾನೆ. ಅವನಿಗಿಂತ ನನಗೆ ಚೆನ್ನಾಗಿ ಬರುವುದು ಅದೊಂದೇ. ಒಂದು ದಿನ ಅದನ್ನೂ ಕೇಳಿಕೊಂಡು ಬಂದ.

ಬಿಶಾನ್‌ನಲ್ಲಿ ಕನ್ನಡದವರು ಸೇರುವ ಕಡೆ ಅವನು ಭಾಷಣ ಮಾಡಬೇಕಿತ್ತು. ವಿಷಯ, ರಷ್ಯಾದ ಕೊನೆಯ ಚಕ್ರವರ್ತಿಯ ಕಾಲದ ಗುಂಪುಗಳು. ಸಾಮ್ರಾಜ್ಯ ಕುಸಿಯುತ್ತಿದ್ದಾಗ ದೊರೆಯ ಪಟ, ದೇವರ ಪಟ ಹಿಡಿದು ಮೆರವಣಿಗೆ ಹೊರಡುತ್ತಿದ್ದರಂತೆ. ಹಾಗೇ ಹೋಗಿ ಯಹೂದಿಗಳ ಅಂಗಡಿ ಲೂಟಿ ಮಾಡುತ್ತಿದ್ದರಂತೆ. ಚೋವಾ ಚು ಕಾಂಗ್‌ನ ನನ್ನ ರೂಮಿನಲ್ಲಿ ಕುಳಿತು ಓದಿ ತೋರಿಸಿದ.

“ರಾಜನ ಮೇಲೆ ಅಷ್ಟು ಪ್ರೀತೀನಾ ಅವರಿಗೆ?” ಎಂದೆ.

“ಕೆಲವರಿಗೆ ನಿಜವಾಗ್ಲೂ ಇತ್ತು ಅಣ್ಣ. ಬಹಳ ಜನಕ್ಕೆ ಪಕ್ಕದ ಮನೆಯವ್ನ ಮೇಲೆ ಹೊಟ್ಟೆಕಿಚ್ಚು. ಅದಕ್ಕೇ ಭಕ್ತಿ ಅಂತ ಹೆಸರಿಟ್ಕೊಂಡ್ರು.”

ಅವರನ್ನು ಅವನು ‘ರಾಜನ ಹೆಸರಿನ ಪುಂಡರು’ ಎಂದು ಬರೆದಿದ್ದ. ಸರಿಯಾಗಿಯೇ ಇತ್ತು. ನಾನು ಮೂಗು ಮುರಿದೆ.

“ಪುಂಡರು ಅನ್ನೋದು ಬೀದಿ ಮಾತು ಕಣೋ. ಪ್ರೊಫೆಸರ್ ಬಾಯಲ್ಲಿ ಬರಬಾರ್ದು. ರಾಜಭಕ್ತರು ಅನ್ನು.”

“ಥ್ಯಾಂಕ್ಸ್ ಅಣ್ಣ, ನೀನಿಲ್ದಿದ್ರೆ ಮಾನ ಹೋಗ್ತಿತ್ತು” ಎಂದು ತಿದ್ದಿಕೊಂಡ.

ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಹಳೇ ಮೈಸೂರಿನವರು. ಮಹಾರಾಜರ ಪಟವನ್ನು ದೇವರ ಜೊತೆಗೇ ಇಟ್ಟವರಿದ್ದಾರೆ. ಒಬ್ಬ ಅಂಕಲ್ ಮನೆಯಲ್ಲಿ ಆ ಪಟಕ್ಕೆ ಮೊಳೆ ಹೊಡೆದುಕೊಟ್ಟವನು ನಾನೇ. ಆಗ ಅವರು ತಮ್ಮ ತಾತನ ಕಥೆ ಹೇಳಿದ್ದರು.

ಭಾಷಣ ಅರ್ಧವೂ ಆಗಿರಲಿಲ್ಲ, ಆ ಅಂಕಲ್ ಎದ್ದು ನಿಂತರು.

“ಸ್ವಲ್ಪ ನಿಲ್ಸಪ್ಪ. ನಮ್ ತಾತನ್ನ ಊರೆಲ್ಲ ರಾಜಭಕ್ತರು ಅಂತ ಕರೀತಿತ್ತು. ಅವರೇನು ಅಂಗಡಿ ಲೂಟಿ ಮಾಡಿದ್ರಾ?”

“ಅಂಕಲ್, ನಾನ್ ಹೇಳ್ತಿರೋದು ರಷ್ಯಾದವರ ಬಗ್ಗೆ...”

“ಪದ ನಮ್ದಲ್ವಾ?”

“ಪ್ರೊಫೆಸರ್‌ಗೊಂದು ಕನ್ನಡ ಟ್ಯೂಷನ್ ಬುಕ್ ಮಾಡ್ರಪ್ಪ” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ತಮ್ಮನ ಕಿವಿ ಕೆಂಪಾಯಿತು. ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ನೋಡಿದ. ಪದ ನನ್ನದು ಎಂದು ಎದ್ದು ಹೇಳಿದ್ದರೆ ಸಾಕಿತ್ತು. ನಾನು ಬಗ್ಗಿ ಶೂ ಲೇಸ್ ಬಿಗಿ ಮಾಡಿದೆ. ಒಳಗೊಳಗೇ ಖುಷಿಯಾಗಿತ್ತು.

ವಾಪಸ್ ಬರುವಾಗ ಎಂಆರ್‌ಟಿ ರೈಲಿನಲ್ಲಿ ಅವನೇ ಮಾತು ತೆಗೆದ. “ನೀನು ಹೇಳಿದ್ದು ಅಂತ ಬಾಯಿಬಿಡ್ಲಿಲ್ಲ ಅಣ್ಣ. ಅಷ್ಟು ಜನರ ಮುಂದೆ ನಿನ್ನನ್ನ ಯಾಕೆ ಎಳೀಲಿ?”

ಒಳ್ಳೆಯತನದಲ್ಲೂ ನನಗಿಂತ ಮುಂದೆ. ಅದಕ್ಕೂ ನನ್ನ ಹೊಟ್ಟೆ ಉರಿಯಿತು.

“ಲೇಖನ ಮಾಡಿ ಕೊಡು ಅಂದಿದ್ದಾರೆ. ಬೇರೆ ಪದ ಹೇಳು” ಎಂದ.

“ನಿನ್ನ ಪುಂಡರೇ ಸರಿ ಇತ್ತು.”

“ಮತ್ತೆ ಯಾಕೆ ಚೇಂಜ್ ಮಾಡ್ಸಿದೆ?”

“ಹಳೇ ಮೈಸೂರಿನವರಿಗೆ ಚುಚ್ಚುತ್ತೆ ಅಂತ ಹೊಳೀಲಿಲ್ಲ ಕಣೋ” ಎಂದೆ.

“ನಂಗೂ ಹೊಳೀಲಿಲ್ಲ ಬಿಡು” ಎಂದು ನಕ್ಕ.

ಮೊನ್ನೆ ಆ ಲೇಖನ ಅಚ್ಚಾಗಿ ಬಂತು. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾನೆ: ಕನ್ನಡ ತಿದ್ದಿಕೊಟ್ಟವರು ನನ್ನ ಅಣ್ಣ.

ತಮ್ಮಾ, ಇದನ್ನೂ ನೀನು ತುಟಿ ಅಲ್ಲಾಡಿಸುತ್ತ ಓದುತ್ತೀಯ. ನಿಧಾನವಾಗಿಯೇ ಓದು. ನನಗೆ ಹೊಳೆದಿತ್ತು.