ಐವಿ ಆಂಟಿಯ ಟೀ ಬಣ್ಣದ ಫ್ರಾಕು

ಇವತ್ತು ಬೆಳಿಗ್ಗೆ ಒಗೆಯುವ ಬುಟ್ಟಿಯಿಂದ ಮಗಳ ಬಿಳಿ ಸ್ಕೂಲ್ ಶರ್ಟು ತೆಗೆದೆ ನೋಡಿ, ಎದೆ, ಬೆನ್ನು, ತೋಳು ಎಲ್ಲ ಕಡೆ ಬಣ್ಣಬಣ್ಣದ ಇಂಕಿನ ಗೀಚಾಟ. ಕಾಲರಿನ ಕೆಳಗಿನ ಬಟನ್ನು ಬೇರೆ ನೇತಾಡುತ್ತಿತ್ತು. ಬ್ಲೀಚ್ ಬಾಟಲಿಯ ಮುಚ್ಚಳ ತಿರುಗಿಸಿದೆ. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಕೈ ತಾನಾಗಿ ನಿಂತಿತು. ಮೆಲ್ಬರ್ನಿನ ವಿಂಡಮ್ ವೇಲಿನ ಮನೆಯ ಲಾಂಡ್ರಿಯಲ್ಲಿದ್ದವನು ಹದಿನೈದಿಪ್ಪತ್ತು ವರ್ಷ ಹಿಂದಿನ ಸಿಡ್ನಿಗೆ, ಐವಿ ಆಂಟಿಯ ಎದುರಿಗೆ ಹೋಗಿಬಿಟ್ಟೆ.

ನಾನು ಟೈಲರ್. ತಿಪಟೂರಿನಲ್ಲಿ ಏಳನೇ ಕ್ಲಾಸಿಗೇ ಪಾಟಿಚೀಲ ಬಿಸಾಕಿ ಮಷೀನ್ ತುಳಿದವನು. ನರ್ಸ್ ಹೆಂಡತಿಗೆ ವೀಸಾ ಸಿಕ್ಕಿತು, ಅವಳ ಲಗೇಜಿನ ಜೊತೆ ನಾನೂ ಬಂದೆ. ಸಿಡ್ನಿಯಲ್ಲಿ ನಮ್ಮವರು ಊಟಕ್ಕೆ ಸೇರಿದಾಗ "ನೀವು ಯಾವ ಸಾಫ್ಟ್‌ವೇರು?" ಅಂತ ಕೇಳೋರು. "ಪ್ಯಾಂಟ್ ಉದ್ದ ಕಮ್ಮಿ ಮಾಡೋ ಸಾಫ್ಟ್‌ವೇರು" ಅಂತಿದ್ದೆ. ನಗೋರು. ಮುಂದಿನ ವಾರ ಅವರೇ ಪ್ಯಾಂಟು ಹೊತ್ತು ಬರೋರು. ಅಲ್ಲಿವರೆಗಿನ ಇಪ್ಪತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಬಟ್ಟೆ ಕೆಟ್ಟದ್ದಿಲ್ಲ, ಯಾವ ಗಿರಾಕಿಗೂ ಸಾರಿ ಹೇಳಿದ್ದಿಲ್ಲ. ಈ ಜಂಬವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಐವಿ ಆಂಟಿಗೆ ಎಂಬತ್ತೈದು ದಾಟಿತ್ತು. "ಬರೀ ಐವಿ ಅನ್ನು, ಲವ್" ಅನ್ನೋಳು. ಇಲ್ಲಿಯ ಅಜ್ಜಿಯರಿಗೆ ಎಲ್ಲರೂ ಲವ್ವೇ. ಅಜ್ಜಿಯ ವಯಸ್ಸಿನವಳನ್ನು ಹೆಸರು ಹಿಡಿದು ಕೂಗಲು ನನಗೆ ನಾಲಿಗೆ ಏಳಲಿಲ್ಲ, ಆಂಟಿ ಅಂದೆ. ಸಿನಿಮಾಕ್ಕೆ ಇನ್ನೂ ಮಾತು ಬಾರದ ಕಾಲದಲ್ಲಿ, ಆರರಿಂದ ಒಂಬತ್ತನೇ ವಯಸ್ಸಿನವರೆಗೆ, ಮೂರು ಚಿತ್ರಗಳಲ್ಲಿ ಅವಳು ಅನಾಥ ಮಗು. "ಅಪ್ಪ ಅಮ್ಮ ಇಬ್ಬರೂ ಗಟ್ಟಿಯಾಗಿದ್ದರು. ಆದರೂ ಮೂರು ಸಲ ಕಳಕೊಂಡೆ" ಅಂತ ನಗೋಳು. ಆಮೇಲೆ? "ಉದ್ದ ಆದೆ. ಉದ್ದದ ಅನಾಥೆ ಯಾರಿಗೆ ಬೇಕು?" ದೊಡ್ಡವಳಾದ ಮೇಲೆ ನಲವತ್ತು ವರ್ಷ ಬಿಸ್ಕತ್ ಫ್ಯಾಕ್ಟರಿ.

ಸಿನಿಮಾ ಕಂಪನಿಯವರು ಮಕ್ಕಳಿಗೆ ಬಟ್ಟೆ ಕೊಡುತ್ತಿರಲಿಲ್ಲವಂತೆ. ಅಮ್ಮನೇ ಹೊಲಿಯಬೇಕು. ಒಂದು ಕೆಂಪು ವೆಲ್ವೆಟ್ ಕೋಟು, ತೆರೆಯ ಮೇಲೆ ಅದು ಕಪ್ಪಗೆ ಕಾಣುತ್ತಿತ್ತು. ತಿಳಿನೀಲಿ ಟೋಪಿ ಬೆಳ್ಳಗೆ ಕಾಣುತ್ತಿತ್ತು. ಮತ್ತೆ ಒಂದೇ ಒಂದು ಫ್ರಾಕು. ಚಿತ್ರಕ್ಕೊಂದು ಬೇರೆ ಕಾಲರು ಸಿಕ್ಕಿಸಿದರೆ ಹೊಸ ಫ್ರಾಕು! ಅಂಚಿನಲ್ಲಿ ಮೂರು ಮಡಿಕೆ. ನಮ್ಮ ಕಡೆ ಹೆಣ್ಣುಮಕ್ಕಳ ಲಂಗಕ್ಕೆ ಬೆಳೆಯೋ ಮಡಿಕೆ ಅಂತ ಇಡ್ತಾರಲ್ಲ, ಅದೇ. ಹುಡುಗಿ ಬೆಳೆದ ಹಾಗೆ ಒಂದೊಂದೇ ಬಿಚ್ಚಿದ ಗುರುತು ಬೆರಳಿಗೆ ಸಿಗುತ್ತಿತ್ತು. ಆ ತಾಯಿ ನನ್ನ ಜಾತಿಯ ಕೆಲಸಗಾರ್ತಿ ಅನ್ನಿಸಿತು.

ಕಂಕುಳಲ್ಲಿ ಹರಿದಿದೆ, ಹೊಲಿದುಕೊಡು ಅಂತ ಐವಿ ಆಂಟಿ ಆ ಫ್ರಾಕನ್ನು ನನ್ನ ಅಂಗಡಿಗೆ ತಂದಳು. ಮೆಲ್ಬರ್ನಿನಲ್ಲಿ ಭಾನುವಾರ ಅವಳ ಹಳೇ ಚಿತ್ರ ತೋರಿಸುತ್ತಾರಂತೆ, ಫ್ರಾಕನ್ನು ಮಡಿಲಲ್ಲಿಟ್ಟುಕೊಂಡು ನೋಡಬೇಕಂತೆ.

ಹೊಲಿದೆ. ಅಷ್ಟಕ್ಕೇ ಬಿಡಬಾರದಿತ್ತೇ? ಬಟ್ಟೆಯೆಲ್ಲ ಕಂದು ಕಂದು, ಇದನ್ನು ಹೀಗೇ ಕೊಟ್ಟರೆ ನನ್ನ ಮರ್ಯಾದೆ ಏನಾಗಬೇಕು ಅಂತ ಬ್ಲೀಚಿನಲ್ಲಿ ನೆನೆಸಿದೆ. ಸಾಲದ್ದಕ್ಕೆ ಊರಿಂದ ತರಿಸಿದ್ದ ನೀಲಿಯ ಎರಡು ಹನಿ. ಮಲ್ಲಿಗೆ ಹೂವಾಯಿತು.

ತಗೊಂಡು ಹೋಗೋಕೆ ಬಂದ ಐವಿ ಆಂಟಿ "ಇದು ಯಾರ ಫ್ರಾಕು?" ಅಂದಳು.

"ನಿಮ್ಮದೇ ಆಂಟಿ! ಹೊಸದರ ಹಾಗಿದೆ, ಅಲ್ವಾ?"

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. "ಅದು ಕೊಳೆ ಅಲ್ಲ, ಲವ್. ಅಮ್ಮ ಟೀಯಲ್ಲಿ ಅದ್ದಿದ್ದು. ಅಪ್ಪಟ ಬಿಳಿ ಹಾಕಿದರೆ ಆ ಕ್ಯಾಮೆರಾಕ್ಕೆ ಕಣ್ಣು ಕುಕ್ಕುತ್ತಿತ್ತು, ನನ್ನ ಮುಖವೇ ಕಾಣುತ್ತಿರಲಿಲ್ಲ." ಅಂಚಿನ ಮಡಿಕೆಯ ಮೇಲೆ ಬೆರಳಾಡಿಸಿ, "ಅಮ್ಮನ ಕೈ ಬಣ್ಣ ಅಂತ ಉಳಿದಿದ್ದು ಅದೇ."

ಆಗ ಸಾರಿ ಅನ್ನಬೇಕಿತ್ತು. "ಬೇರೆಯವರಾದರೆ ಒಗೆದದ್ದಕ್ಕೆ ಥ್ಯಾಂಕ್ಸ್ ಹೇಳ್ತಾರೆ" ಅಂದೆ.

"ನಾನು ಹೊಲಿಯೋಕೆ ಕೊಟ್ಟಿದ್ದೆ." ಅಷ್ಟೇ ಅಂದಳು.

ಅದು ಚುಚ್ಚಿತು. ಅವಳ ಟ್ರಂಕು ಹುಡುಕಿಸಿದಾಗ ಅವಳೇ ಮರೆತಿದ್ದ, ಅದೇ ಬಣ್ಣದ ಕಾಲರೊಂದು ಸಿಕ್ಕಿತು; ಅದನ್ನು ಮಾದರಿಗೆ ಕೇಳಿ ತಂದೆ, ಫ್ರಾಕಿಗೆ ಮತ್ತೆ ಟೀ ಬಣ್ಣ ಹಾಕಿ ಮೆಲ್ಬರ್ನಿಗೆ ನಾನೇ ತಂದುಕೊಡ್ತೀನಿ ಅಂದೆ. ಎರಡು ದಿನ ಅಂಗಡಿ ಮುಚ್ಚಿ ಒಲೆಯ ಮುಂದೆ ಡಿಕಾಕ್ಷನ್ ಕಾಯಿಸಿದೆ. "ಮರೆತು ಹಾಲು ಹಾಕಿಬಿಟ್ಟೀರ" ಅಂದಳು ಹೆಂಡತಿ. ಮೊದಲು ಪರೀಕ್ಷೆಗೆ ಅಂತ ತೆಗೆದ ಬಿಳಿ ಚಿಂದಿಗೂ ಅದೇ ಬ್ಲೀಚು, ಅದೇ ನೀಲಿ ಹಾಕಿ ಟೀಯಲ್ಲಿ ಅದ್ದಿದರೆ ಪಾಚಿಯ ಬಣ್ಣ! ನಿಂಬೆರಸದಲ್ಲಿ ನೀಲಿ ಬಿಡಿಸಿ, ಹನ್ನೊಂದು ಚಿಂದಿ ಹಾಳುಮಾಡಿದ ಮೇಲೆ ಫ್ರಾಕು ಅದ್ದುವ ಧೈರ್ಯ ಬಂತು.

ಬಸ್ಸಿನಲ್ಲಿ ಮೆಲ್ಬರ್ನಿಗೆ ಹೋದದ್ದು ಅದೇ ಮೊದಲು, ಫ್ರಾಕು ತೊಡೆಯ ಮೇಲೆ. ಪುಟ್ಟ ಥಿಯೇಟರಿನ ಬಾಗಿಲಲ್ಲಿ ಐವಿ ಆಂಟಿ ಅದನ್ನು ಬೆಳಕಿಗೆ ಹಿಡಿದಳು, ಕಾಲರಿಗೆ ಹೊಂದಿಸಿ ನೋಡಿದಳು. "ಅಮ್ಮ ಇಷ್ಟು ಸ್ಟ್ರಾಂಗ್ ಟೀ ಮಾಡುತ್ತಿರಲಿಲ್ಲ" ಅಂದಳು. ಆದರೂ ನನ್ನ ಕೈಹಿಡಿದು ಪಕ್ಕದಲ್ಲೇ ಕೂರಿಸಿಕೊಂಡಳು.

ದೀಪ ಆರಿತು. ಯಾರೋ ಪಿಯಾನೋ ನುಡಿಸಿದರು. ತೆರೆಯ ಮೇಲೆ ಒಂದು ಪುಟಾಣಿ ಬೇಲಿ ದಾಟಿ ಓಡಿಬಂತು. ಮೈಮೇಲೆ ಅದೇ ಫ್ರಾಕು, ಹಾಲಿನಂಥ ಬಿಳುಪು! ನಾನು ಬ್ಲೀಚು, ನೀಲಿ ಸುರಿದು ತರಹೋದ ಬಿಳುಪನ್ನು ಆ ತಾಯಿ ಒಂದು ಪಾತ್ರೆ ಟೀಯಲ್ಲಿ ತಂದಿದ್ದಳು. "ಸಾರಿ, ಆಂಟಿ" ಅಂದೆ, ಬದುಕಿನಲ್ಲಿ ಮೊದಲ ಸಲ.

"ಶ್!" ಅಂದಳು, ತೆರೆಯಿಂದ ಕಣ್ಣು ಕೀಳದೆ. "ನಾನು ಆಕ್ಟ್ ಮಾಡ್ತಿದ್ದೀನಿ."

ಎರಡು ವರ್ಷದ ಮೇಲೆ ಅವಳು ತೀರಿಕೊಂಡಳು. ಅಷ್ಟರಲ್ಲಿ ನಾವು ಮೆಲ್ಬರ್ನಿಗೆ ಬಂದಾಗಿತ್ತು.

ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದೆ. ಶರ್ಟು ಹಿಡಿದು ಮಗಳ ರೂಮಿನ ಬಾಗಿಲು ತಟ್ಟಿದೆ. "ಇದನ್ನ ಏನು ಮಾಡ್ಲಿ, ಪುಟ್ಟಿ?"

"ಡ್ಯಾಡ್! ಡೋಂಟ್ ವಾಷ್ ಇಟ್! ಎವ್ರಿವನ್ ಸೈನ್ಡ್ ಇಟ್!" ಪ್ರೈಮರಿ ಶಾಲೆಯ ಕಡೇ ದಿನ ಇಲ್ಲಿನ ಮಕ್ಕಳು ಒಬ್ಬರ ಶರ್ಟಿನ ಮೇಲೊಬ್ಬರು ಹೆಸರು ಬರೆಯುತ್ತಾರೆ ಅಂತ ಆಗಲೇ ನನಗೆ ಗೊತ್ತಾದದ್ದು.

"ಬಟನ್ ಕಿತ್ತುಬರ್ತಿದೆ. ಹಾಕ್ಲಾ?"

ಒಳಗೆ ಯೋಚನೆ ನಡೆಯಿತು. "ಓಕೆ. ಓನ್ಲಿ ದ ಬಟನ್."

ಕಿಟಕಿಯ ಬೆಳಕಿಗೆ ಕೂತು ಸೂಜಿಗೆ ದಾರ ಪೋಣಿಸಿದೆ. ಬಟನ್ ಮಾತ್ರ ಹಾಕಿದೆ.