ಗೇಣಿ ಬಾರದ ಕಲ್ಲು

ಆ ವರ್ಷಗಳನ್ನು ನೆನೆದರೆ ಮೊದಲು ನೆನಪಾಗುವುದು ಕುತ್ತಿಗೆ ನೋವು. ಹಗಲಿಡೀ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟ್ರಂಕ್ ಕಾಲ್ ಜೋಡಿಸುವುದು. ಕಾವೂರಿನ ಬಾಡಿಗೆ ಮನೆಗೆ ಬಂದು ಊಟವಾದರೆ ತಾರಸಿಯ ಮೇಲೆ ಸೋದರಮಾವನ ಟೆಲಿಸ್ಕೋಪು. ಅದಕ್ಕೆ ಕಟ್ಟಿದ ಕ್ಯಾಮೆರಾ ಬಾಯಿ ತೆರೆದಿರುವಷ್ಟು ಹೊತ್ತೂ ಒಂದು ನಕ್ಷತ್ರ ಮಸೂರದೊಳಗಿನ ಅಡ್ಡಗೆರೆಯಿಂದ ಜಾರದ ಹಾಗೆ ತಿರುಪು ತಿರುಗಿಸುತ್ತಾ ಕೂರುವುದು ನನ್ನ ಪಾಲಿನ ಚಾಕರಿ. ಮಾವನ ಕಣ್ಣಿಗೆ ಪೊರೆ ಬರುತ್ತಿತ್ತು. ಬೇಡ ಅನ್ನಲು ನನಗೆ ಬಾಯಿ ಇರಲಿಲ್ಲವೆಂದಲ್ಲ, ಗೊಣಗಿಕೊಂಡೇ ತಿರುಗಿಸಿದೆ.

ಮಾವ ದೊಡ್ಡ ಬೇಸಾಯದ ಮನೆಗೆ ಯಜಮಾನರಾಗಬೇಕಿದ್ದವರು. ಭೂಮಸೂದೆ ಬಂತು, ಗೇಣಿ ಕೊಟ್ಟು ಉಳುತ್ತಿದ್ದ ಒಕ್ಕಲುಗಳು ಗದ್ದೆ ತಮ್ಮದೆಂದು ಡಿಕ್ಲರೇಶನ್ ಕೊಟ್ಟರು, ಗದ್ದೆಯೆಲ್ಲ ಅವರದಾಯಿತು. ಉತ್ತವರಿಗೆ ಸಿಕ್ಕಿತು, ನ್ಯಾಯವೇ. ನಾನು ಹಾಗೆಂದರೆ ಮಾವನ ತಾಯಿ, ನನ್ನಜ್ಜಿ, ಒಂದು ಹೊತ್ತು ಊಟ ಬಿಡುತ್ತಿದ್ದರು. ಮಾವ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾದರು, ಸಂಜೆಗೆ ಆಕಾಶ ಹಿಡಿದರು.

ಒಂದು ಜನವರಿಯಲ್ಲಿ, ಹಿಂದುಮುಂದಿನ ದಿನಗಳ ನೆಗೆಟಿವ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಿದ್ದ ಮಾವ ನನ್ನನ್ನು ಕರೆದರು. ಚುಕ್ಕೆಗಳೆಲ್ಲ ಕೂಡಿ ಬಂದಿದ್ದವು, ಒಂದು ಮಾತ್ರ ಕೂದಲೆಳೆಯಷ್ಟು ಜರುಗಿತ್ತು. ಮಂಗಳನಿಗೂ ಗುರುವಿಗೂ ನಡುವೆ ಸುತ್ತುವ ಕಲ್ಲುಗಳಲ್ಲಿ ಅದೂ ಒಂದು. ಅವರ ಹತ್ತಿರವಿದ್ದ ಹಳೆಯ ಪಟ್ಟಿಯಲ್ಲಿ ಅದು ಇರಲಿಲ್ಲ. ಮೊದಲು ಕಂಡವರಿಗೆ ಹೆಸರಿಡುವ ಹಕ್ಕು ಉಂಟಂತೆ.

"ನಮ್ಮ ಮನೆಯ ಹೆಸರಿಡ್ತೇನೆ," ಎಂದರು. "ಅಲ್ಲಿ ಯಾರೂ ಡಿಕ್ಲರೇಶನ್ ಕೊಡ್ಲಿಕ್ಕಿಲ್ಲ ಮಾರಾಯ್ತಿ."

ಕಳೆದುಕೊಂಡದ್ದರ ಬಗ್ಗೆ ಅಷ್ಟು ವರ್ಷಗಳಲ್ಲಿ ಅವರಾಡಿದ ಮಾತು ಅದೊಂದೇ. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಎಂದು ನಾನು ಹೇಳಬೇಕಿತ್ತು. ಆ ಮುಖ ನೋಡಿ ಹೇಳಲಾಗಲಿಲ್ಲ. ಅಜ್ಜಿಯ ವಿಚಾರಣೆ ಬೇರೆ. ಅಲ್ಲಿ ನೀರು ಉಂಟಾ, ಗೇಣಿ ಬಾರದ ಕಲ್ಲಿಗೆ ಮನೆಯ ಹೆಸರು ಎಂತಕ್ಕೆ ಎಂದೆಲ್ಲ ಕೇಳಿ, ಅಕ್ಕಪಕ್ಕದ ಮನೆಗಳಿಗೆ ಸುದ್ದಿಯನ್ನೂ ಹಂಚಿ ಬಂದರು.

ಮಾವ ಅಳತೆಗಳನ್ನೆಲ್ಲ ದೂರದ ವೀಕ್ಷಣಾಲಯಕ್ಕೆ ಕಳಿಸಿದರು. ಉತ್ತರ ಬರುವ ತನಕ ಕಾಯಲಾರದೆ ಒಂದು ಮಧ್ಯಾಹ್ನ ಕಂಕನಾಡಿಯ ಔಷಧದಂಗಡಿಯಿಂದ ಅಲ್ಲಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಜೋಡಿಸಿದ್ದು ನಾನೇ. ಸ್ವರ ಸರಿಯಾಗಿ ಹೋಗುತ್ತದೋ ಎಂದು ಪರೀಕ್ಷಿಸುವುದು ನಮ್ಮ ಕೆಲಸ, ಹಾಗಾಗಿ ಆ ಕಡೆಯವರ ಉತ್ತರ ಕೇಳಿಸಿತು. ಅದು ಗೊತ್ತಿರುವ ಕಲ್ಲು. ಎಷ್ಟೋ ಹಿಂದೆಯೇ ಹೊರದೇಶದ ಹವ್ಯಾಸಿಯೊಬ್ಬ ಕಂಡಿದ್ದಾನೆ, ಹೆಸರೂ ಇಟ್ಟಾಗಿದೆ. ಮಾವ ಥ್ಯಾಂಕ್ಯೂ ಎಂದರು, ಮತ್ತೊಮ್ಮೆ ಥ್ಯಾಂಕ್ಯೂ ಎಂದರು. ನಾನು ತಂತಿ ಕಿತ್ತು ಮುಂದಿನ ಕಾಲ್‌ಗೆ ಸಿಕ್ಕಿಸಿದೆ. ಅಳಲಿಕ್ಕೂ ಪುರುಸೊತ್ತು ಬೇಕಲ್ಲ.

ಸಂಜೆ ಅಜ್ಜಿ ಜಗಲಿಯಲ್ಲೇ ಕಾಯುತ್ತಿದ್ದರು. ಮಾವ ಚಪ್ಪಲಿ ಬಿಡುತ್ತಾ ಹೇಳಿಬಿಟ್ಟರು. ಅವನ್ಯಾರು, ದೊಡ್ಡ ವಿದ್ವಾಂಸನಾ ಎಂದು ಅಜ್ಜಿ ಕೇಳಿದರು. ಅಲ್ಲ, ನಮ್ಮ ಹಾಗೆಯೇ, ಹಗಲು ಎಲ್ಲೋ ದುಡಿದು ಸಂಜೆ ಮೇಲೆ ನೋಡುವವನು, ವರ್ಷಗಟ್ಟಲೆ ಅದನ್ನೇ ಮಾಡಿದ್ದಾನಂತೆ ಎಂದರು ಮಾವ.

ಅಜ್ಜಿ ತುಂಬಾ ಹೊತ್ತು ಎಲೆಗೆ ಸುಣ್ಣ ಸವರುತ್ತಾ ಕೂತರು. ಭೂಮಸೂದೆಗೆ ಹಿಡಿಶಾಪ ಹಾಕದೆ ಒಂದು ದಿನ ಕಳೆದವರಲ್ಲ ಅವರು.

"ಉತ್ತವನು ಅವನಲ್ವಾ ಮಗಾ," ಎಂದರು. "ಹಾಗಾದ್ರೆ ಅವನದ್ದೇ. ಬಿಡು."

ಮಾವ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ತಾರಸಿಗೆ ಹೋಗಿ ಟೆಲಿಸ್ಕೋಪಿಗೆ ಗೋಣಿ ಹೊದೆಸಿ ಬಂದೆ.