ಘರ್ಷಣೆಯ ಪಾಠ ಹೇಳಿದ ಮೇಡಂ

ಮೊನ್ನೆ ಚಾಮರಾಜಪೇಟೆಯ ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸಿಸಲು ನಿಂತಿದ್ದಾಗ ಗ್ರೀಸು ಸುಟ್ಟ ವಾಸನೆ ಬಂತು. ಗಿರಣಿಯವರು ಬೈದುಕೊಳ್ಳುತ್ತಾ ಮೋಟರು ನಿಲ್ಲಿಸಿದರು. ಬೇರಿಂಗು ಹೋಗಿದೆ ಎಂದು ಅವರು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಆ ವಾಸನೆಯನ್ನು ನನ್ನ ಮೂಗಿಗೆ ಕಲಿಸಿದವರು ನಮ್ಮ ಮೇಡಂ. ಅವರು ತೀರಿಕೊಂಡು ತಿಂಗಳು ಕಳೆದಿತ್ತು, ಸಂತಾಪ ಸಭೆಯೂ ಮುಗಿದಿತ್ತು. ಆ ಸಭೆಯಲ್ಲಿ ಏರಿದ ಸಿಟ್ಟು ಇಳಿದಿದೆ ಅಂದುಕೊಂಡಿದ್ದೆ. ಇಳಿದಿರಲಿಲ್ಲ.

ಊರಾಚೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಪ್ರೊಫೆಸರು, ನಾನು ಅವರ ಕೈಕೆಳಗೆ ಎಂ.ಟೆಕ್ ಮಾಡುತ್ತಿದ್ದವಳು. ಇಬ್ಬರೂ ಚಾಮರಾಜಪೇಟೆಯವರಾದ್ದರಿಂದ ಕಾಲೇಜು ಬಸ್ಸಿನಲ್ಲಿ ಒಂದೇ ಸೀಟು. ಒಂದಕ್ಕೊಂದು ಉಜ್ಜುವ ಲೋಹಗಳು ಹೇಗೆ ಸವೆಯುತ್ತವೆ, ಯಾವ ಎಣ್ಣೆ ಅವುಗಳನ್ನು ಎಷ್ಟು ಕಾಲ ಕಾಯುತ್ತದೆ... ಜೀವಮಾನವಿಡೀ ಅವರು ಹುಡುಕಿದ್ದು ಇಷ್ಟೇ. ಗುಜರಿಯಿಂದ ಹಳೇ ಲೇತಿನ ಪೀಠ ತಂದು, ತಾವೇ ನಿಂತು ಪರೀಕ್ಷೆಯ ಯಂತ್ರ ಕಟ್ಟಿದ್ದರು. ತಿರುಗುವ ಉಕ್ಕಿನ ತಟ್ಟೆಯ ಮೇಲೆ ಒಂದು ಕಡ್ಡಿಯನ್ನು ಒತ್ತಿ ಹಿಡಿಯುವ ಯಂತ್ರ. ಅದರ ಮೇಲೆ ಹೊಂಗೆ ಎಣ್ಣೆ, ಹರಳೆಣ್ಣೆ ಏನೆಲ್ಲ ಸುರಿದು ನೋಡುತ್ತಿದ್ದರು. ಸಹೋದ್ಯೋಗಿಗಳು ಬೆನ್ನ ಹಿಂದೆ ‘ಎಣ್ಣೆ ಮೇಡಂ’ ಅನ್ನುತ್ತಿದ್ದರು. ಅವರಿಗೂ ಗೊತ್ತಿತ್ತು. ಸೀರೆಯ ಸೆರಗಿಗೆ ಸದಾ ಒಂದು ಜಿಡ್ಡಿನ ಕಲೆ, ಅದರ ಪರಿವೆಯೇ ಇರುತ್ತಿರಲಿಲ್ಲ.

ಆ ವರ್ಷ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಗೋದಾಮೊಂದರ ಸಾಮಾನಿನ ಲಿಫ್ಟು ಕಿತ್ತುಬಿತ್ತು. ಕೆಳಗಿದ್ದ ಹಮಾಲಿಯೊಬ್ಬ ಸ್ಥಳದಲ್ಲೇ ಸತ್ತ. ಮೇಲೆ ಹಗ್ಗ ಹೊತ್ತ ಚಕ್ರದ ಬೇರಿಂಗು ಬಿಗಿದುಕೊಂಡು ಅಚ್ಚು ಮುರಿದಿತ್ತು. ಗ್ರೀಸು ಹಾಕದೆ ಬಿಟ್ಟಿದ್ದಾನೆ ಎಂದು ಮಾಲೀಕ ಲಿಫ್ಟ್ ಮೆಕ್ಯಾನಿಕ್‌ನ ಮೇಲೆ ದೂರು ಕೊಟ್ಟ. ಅವನನ್ನು ಒಳಗೆ ಹಾಕಿದ ಪೊಲೀಸರು ಮುರಿದ ಬೇರಿಂಗನ್ನು ಪರೀಕ್ಷೆಗೆಂದು ಮೇಡಂ ಹತ್ತಿರ ಕಳಿಸಿದರು.

ಮೇಡಂ ಅದನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದರು. “ನೋಡೇ, ಏನ್ ಕಾಣತ್ತೆ?”

ಸುಟ್ಟ ಗ್ರೀಸು ಕಪ್ಪಗೆ ಅಂಟಿಕೊಂಡಿತ್ತು. ಗುಂಡುಗಳು ಕೂರುವ ಜಾಗದಲ್ಲೆಲ್ಲ ಉಕ್ಕು ಗುಳಿ ಬಿದ್ದಿತ್ತು.

“ಅವನು ಗ್ರೀಸ್ ಹಾಕಿದಾನೆ,” ಅಂದರು. “ತಡೀಲಾರದಷ್ಟು ಭಾರ ಹೇರಿದ್ದು ಇನ್ಯಾರೋ.”

ಗೋದಾಮಿನ ಮಾಲೀಕ ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದ. ವಾರದೊಳಗೆ ಪ್ರಿನ್ಸಿಪಾಲರಿಂದ ಕರೆ ಬಂತು. ಮೇಡಂ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು.

“ಗ್ರೀಸ್ ಸಾಲದಾಗಿತ್ತು ಅಂತ ಒಂದ್ ಮಾತು ಸೇರಿಸಿ ಮೇಡಂ, ಸಾಕು,” ಅಂದರು ಪ್ರಿನ್ಸಿಪಾಲರು, ಕಾಫಿ ತರಿಸಿ, ನಯವಾಗಿ. “ಮೆಕ್ಯಾನಿಕ್‌ಗೇನು, ಸ್ವಲ್ಪ ದಿನ ಇದ್ದು ಬರ್ತಾನೆ.”

“ಬೇರಿಂಗ್ ಹೇಳ್ತಿರೋದು ಬೇರೆ ಸಾರ್.”

“ಬೇರಿಂಗ್ ಬಂದು ಕೋರ್ಟಲ್ಲಿ ಮಾತಾಡಲ್ಲ ಮೇಡಂ.”

“ಅದಕ್ಕೇ ನಾನ್ ಹೋಗ್ತೀನಿ,” ಎಂದು ಎದ್ದರು. ಕಾಫಿ ಮುಟ್ಟಲಿಲ್ಲ.

ಹೋದರು. ವಕೀಲರು ಅಡ್ಡಡ್ಡ ಪ್ರಶ್ನೆ ಕೇಳಿ ಸುಸ್ತಾದರೇ ಹೊರತು ಇವರು ಕದಲಲಿಲ್ಲ. ಮೆಕ್ಯಾನಿಕ್ ಬಿಡುಗಡೆಯಾದ. ಆಮೇಲೆ ಮಾಲೀಕನ ಮೇಲೆ ಹಾಕಿದ ಕೇಸು ಮಾತ್ರ ವಾಯಿದೆಯ ಮೇಲೆ ವಾಯಿದೆ ಬಿದ್ದು, ಎಲ್ಲೋ ಕರಗಿಹೋಯಿತು.

ಆ ಬೇಸಿಗೆ ರಜೆ ಮುಗಿಸಿಕೊಂಡು ಬಂದಾಗ ಲ್ಯಾಬಿನ ಬೀಗ ಬದಲಾಗಿತ್ತು. ಅಟೆಂಡರ್ ತಲೆ ತಗ್ಗಿಸಿಕೊಂಡೇ ಬಾಗಿಲು ತೆಗೆದ. ಒಳಗೆ ಏನೂ ಇರಲಿಲ್ಲ. ಯಂತ್ರವನ್ನು ಗ್ಯಾಸ್ ಕಟರ್‌ನಿಂದ ತುಂಡು ಮಾಡಿ ಗುಜರಿಗೆ ಹಾಕಿದ್ದರು. ಮೇಡಂ ಖಾಲಿ ನೆಲದ ಮೇಲೆ ಅತ್ತಿಂದಿತ್ತ ಒಮ್ಮೆ ನಡೆದರು... ನಂತರ ನೇರ ಪ್ರಿನ್ಸಿಪಾಲರ ಕೋಣೆಗೆ. ಮೇಡಂ ಕೂಗಾಡಿದ್ದು ಕಾರಿಡಾರಿನ ಕೊನೆಯವರೆಗೂ ಕೇಳಿಸಿತು. “ಹಳೇ ಕಬ್ಬಿಣ ಮೇಡಂ, ಹೊಸದು ಕೊಡಿಸೋಣ” ಅಂದರಂತೆ ಆ ಪುಣ್ಯಾತ್ಮರು. ಹೊಸದು ಬರಲಿಲ್ಲ. ನಿವೃತ್ತಿಯಾಗುವವರೆಗೂ ಅವರಿಗೆ ಕೊಟ್ಟ ಕೆಲಸ, ಮೊದಲ ವರ್ಷದ ಮಕ್ಕಳಿಗೆ ಡ್ರಾಯಿಂಗ್ ಕಲಿಸುವುದು.

ಒಮ್ಮೆ ಬಸ್ಸಿನಲ್ಲಿ ಕೇಳಿದ್ದೆ, “ಬೇಜಾರಾಗಲ್ವಾ ಮೇಡಂ?”

“ಬೇಜಾರಲ್ಲ ಕಣೇ, ಕೋಪ. ಇರ್ಲಿ ಬಿಡು. ಅದೂ ಹೋಗ್ಬಿಟ್ರೆ ಅವರಿಗೆ ತುಂಬಾ ಸುಲಭ ಆಗತ್ತೆ.”

ಸಂತಾಪ ಸಭೆ ಇಟ್ಟಿದ್ದು ಎಲ್ಲಿ ಗೊತ್ತೇ? ಮೇಡಂ ಲ್ಯಾಬು ಇದ್ದ ಅದೇ ಕೋಣೆಯಲ್ಲಿ. ಈಗ ಅದು ಎ.ಸಿ. ಹಾಕಿದ ಸೆಮಿನಾರ್ ಹಾಲು. ಮಾತಾಡಲು ಕರೆಸಿದ್ದೂ ಅದೇ ಪ್ರಿನ್ಸಿಪಾಲರನ್ನು. ನಿವೃತ್ತರಾಗಿ, ಕೋಲೂರಿಕೊಂಡು, ಹಾರ ಹಾಕಿದ ಫೋಟೋದ ಪಕ್ಕ ನಿಂತು ಅವರು ಹೇಳಿದರು: “ಘರ್ಷಣೆ ಬಗ್ಗೆಯೇ ಸಂಶೋಧನೆ ಮಾಡಿದ್ರೂ, ಯಾರ ಜೊತೆಗೂ ಘರ್ಷಣೆ ಮಾಡ್ಕೊಳ್ದೇ ಬದುಕಿದ ಸಾತ್ವಿಕ ಹೆಣ್ಣುಮಗಳು.” ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. “ಸುಳ್ಳು ಸಾರ್. ನಿಮ್ಮ ಜೊತೆ ಮಾಡ್ಕೊಂಡಿದ್ರು.”

ಯಾರೋ ನನಗೆ, “ಮೇಡಂ, ಇದು ಸಂದರ್ಭ ಅಲ್ಲ” ಅಂದರು. ಇನ್ಯಾರೋ ಮೈಕಿನ ಸ್ವಿಚ್ಚಿನ ಕಡೆ ಓಡಿದರು. ನನ್ನ ಕೈಯಲ್ಲಿ ಮೈಕೇ ಇರಲಿಲ್ಲ. ಲಿಫ್ಟು, ಸತ್ತ ಹಮಾಲಿ, ಕೋರ್ಟು, ಗ್ಯಾಸ್ ಕಟರ್... ಒಂದನ್ನೂ ಬಿಡದೆ ಹೇಳಿದೆ. ಕೆಲವರು ಮೊಬೈಲು ನೋಡಿಕೊಂಡರು. ಪ್ರಿನ್ಸಿಪಾಲರು ನೀರು ಕುಡಿದು ಕೂತರು, ಅಷ್ಟೆ.

ಹೊರಗೆ ಬಂದಾಗ ವಯಸ್ಸಾದವರೊಬ್ಬರು ಮೆಟ್ಟಿಲ ಬಳಿ ಕಾಯುತ್ತಿದ್ದರು. ಲಿಫ್ಟ್ ಮೆಕ್ಯಾನಿಕ್. ಪೇಪರಿನಲ್ಲಿ ಫೋಟೋ ನೋಡಿ ಬಂದಿದ್ದರಂತೆ.

“ಅವತ್ತು ಕೋರ್ಟಲ್ಲಿ ಕೈ ಮುಗಿದೆ ಕಣಮ್ಮಾ,” ಅಂದರು. “ನನ್ ಕಡೆ ನೋಡ್ಲೇ ಇಲ್ಲ, ಹಂಗೇ ಹೊರಟುಹೋದ್ರು. ಗುರುತು ಪರಿಚಯ ಇಲ್ದೋನಿಗೋಸ್ಕರ ಯಾಕ್ ಬಂದ್ರಿ ಅಂತ ಒಂದ್ಸಲ ಕೇಳ್ಬೇಕಿತ್ತು.”

ಮೇಡಂ ಪರವಾಗಿ ನಾನೇ ಏನಾದರೂ ಹೇಳಬಹುದಿತ್ತು. ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ಅವರೊಬ್ಬರೇ... ಅವರು ಈಗಿಲ್ಲ.